ಮೂರನೇ ಸಿಲಿಂಡರಿನ ಸಮಾಚಾರ

(ಗೋಗಿಯಲ್ಲಿ ರಸ್ತೆ ಬದಿಯ ಒಂದು ಗ್ಯಾರೇಜು. ಗ್ಯಾರೇಜು ಅಂದರೆ ದೊಡ್ಡದೊಂದು ಬೇವಿನ ಗಿಡ, ಕೊಂಬೆಗೆ ನೇತುಹಾಕಿದ ಚೈನ್ ಪುಲ್ಲಿ, ವರ್ಷಾನುಗಟ್ಟಲೆ ಆಯಿಲ್ ಕುಡಿದು ಕಪ್ಪಾದ ನೆಲ. ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ಪಕ್ಕದಲ್ಲಿ ಅಕ್ಕನ ಚಾದಂಗಡಿ, ಅದರ ಮುಂದೆ ಶಹಾಬಾದ ಪರಸಿಯ ಕಟ್ಟೆ, ಕಟ್ಟೆಯ ಮೇಲೆ ಕಾಕಾ. ಕಾಕಾ ಅಲ್ಲಿಗೆ ಬಂದು ಕೂತದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ಆದಿತ್ಯವಾರ ಮಧ್ಯಾಹ್ನ. ಕೆಎ-33 ನಂಬರಿನ ಕೆಂಪು ಮಾರುತಿ 800 ಒಂದು ಗುಡುಗುತ್ತ ಬಂದು ನಿಲ್ಲುತ್ತದೆ. ಇಳಿಯುವ ಹುಡುಗ ಇಸ್ತ್ರಿ ಅಂಗಿ ಹಾಕಿದ್ದಾನೆ.)

ಹುಡುಗ: ಉಸ್ತಾದ್, ಲಗೂನ ಬಾನೆಟ್ ಎತ್ರಿ. ಭಾಳ ಅರ್ಜೆಂಟ್ ಅದ.

ಉಸ್ತಾದ: ಎಲ್ಲಾರ್ದೂ ಅರ್ಜೆಂಟೇ ಬೇಟಾ. ಆ ಟ್ರ್ಯಾಕ್ಟರಿಂದು ಸೋಮಾರದಿಂದ ಅರ್ಜೆಂಟ್ ಅದ, ನೋಡು ಎಷ್ಟ್ ತಣ್ಣಗ ನಿಂತದ. ಏನಾಗ್ಯಾದ ಹೇಳು.

ಹುಡುಗ: ಸಪ್ಪಳ ಬರ್ಲಾಕತ್ತದ.

ಉಸ್ತಾದ: ಹೊಸಾದೇನ್ ಹೇಳ್ದಿ! ನೀ ಭೀಮರಾಯನಗುಡಿ ದಾಟಿದಾಗೇ ಇಲ್ಲಿ ನಮ್ಮ ಪಾನಾ ಎಲ್ಲಾ ಅಲುಗ್ಯಾಡ್ಲಾಕತ್ತಿದ್ವು.

ಹುಡುಗ: ಅದಲ್ರೀ. ಅದು ಗುಡುಗುಡು, ಬೇಕಂತ ಹಾಕಿಸಿದ್ದು. ಅದರೊಳಗ ಟಿಕ್ ಟಿಕ್ ಟಿಕ್ ಅಂತ ಇನ್ನೊಂದು ಬರ್ಲಾಕತ್ತದ. ಅದು ಬ್ಯಾಡಾದದ್ದು.

ಉಸ್ತಾದ: ಬೇಕಾದ ಸಪ್ಪಳಕ್ಕ ಎಷ್ಟ್ ಕೊಟ್ಟಿ?

ಹುಡುಗ: ಹೆಡರಿಗೆ 14 ಸಾವಿರ. ಮ್ಯಾಲ ಫ್ರೀ ಫ್ಲೋ ಸೈಲೆನ್ಸರ್, ಕೋನ್ ಫಿಲ್ಟರ್ ಬ್ಯಾರೆ. ಹೈದರಾಬಾದಿನ್ಯಾಗ ನನ್ನ ದೋಸ್ತ ಕುಂತು ಮಾಡಿಸ್ಯಾನ.

ಉಸ್ತಾದ: ಬ್ಯಾಡಾದದ್ದನ್ನ ತಗೀಲಾಕ ನನಗೆಷ್ಟು ಕೊಡ್ತಿ?

ಹುಡುಗ: ನೋಡಿ ಮಾಡ್ಕೊಳ್ರೀ ಉಸ್ತಾದ್, ಮನಿ ಮಂದಿ ನಾವು.

ಉಸ್ತಾದ: ಹೂಂ. ರೊಕ್ಕ ಹೈದರಾಬಾದಿಗೆ, ಮನಿ ಮಂದಿ ಗೋಗಿಗೆ. (ಬಾನೆಟ್ ಎತ್ತುತ್ತಾರೆ.) ಯಾ ಅಲ್ಲಾ! ಇದರಾಗಿನ ಕಂಪನಿ ಸಾಮಾನೆಲ್ಲ ಎಲ್ಲಿ ಹೋತು? ಏರ್ ಫಿಲ್ಟರ್ ಡಬ್ಬಿ ಎಲ್ಲದ?

ಹುಡುಗ: ತಗಿಸಿಬಿಟ್ಟೆ. ಅದು ಬರೇ ಗಾಳಿ ಸೋಸೋ ಡಬ್ಬಿ ಅಲ್ಲೇನ್ರಿ?

ಉಸ್ತಾದ: ಗಾಳಿನೂ ಸೋಸ್ತದ, ಎಂಜಿನ್ ಉಸಿರು ಎಳ್ಕೊಳ್ಳೋ ಸಪ್ಪಳನೂ ನುಂಗ್ತದ. ಬೀಡಿನ ಮ್ಯಾನಿಫೋಲ್ಡು?

ಹುಡುಗ: ಪೈಪ್ ಸಮೇತ ಗುಜರಿಗೆ ಹಾಕಿದೆ.

ಉಸ್ತಾದ: ಶಾಬಾಸ್. 52ನೇ ಕಲಂ ಗೊತ್ತದೇನು?

ಹುಡುಗ: ಅದ್ಯಾವುದು, ಪೊಲೀಸ್ ಕೇಸಾ?

ಉಸ್ತಾದ: ಮೋಟಾರು ವಾಹನ ಕಾಯ್ದಿದು. ಕಂಪನಿಯವರು ಹೆಂಗ ಮಾಡಿ ಕಳಿಸ್ಯಾರೋ ಗಾಡಿ ಹಂಗೇ ಇರಬೇಕು. 2019ರಾಗ ಸುಪ್ರೀಂ ಕೋರ್ಟ್ ಸುದ್ದಾ ಅದೇ ಮಾತು ಅಂದದ. ಆರ್‌ಟಿಒ ಸಾಹೇಬರು ಹಿಡದ್ರ ನಿನ್ನ ಗುಡುಗುಡು ಯಾದಗಿರಿಗೆ ಹೋಗಿ ಕುಂದ್ರತದ.

ಹುಡುಗ: ಉಸ್ತಾದ್, ಕಾಯ್ದಿ ನಾಳಿ ನೋಡೂಣ್ರೀ. ಇವತ್ತು ನಾಕು ಗಂಟಿಗೆ ಕೆಂಭಾವಿಗೆ ಕನ್ಯಾ ನೋಡ್ಲಾಕ ಹೋಗಬೇಕು. ಗಾಡಿ ಹೋಗಿ ಬಾಗಲಾಗ ನಿಂತಾಗ ಹುಲಿ ಬಂದಂಗ ಇರಬೇಕು. ಈ ಟಿಕ್ ಟಿಕ್ ಇದ್ರ ಗಡಿಯಾರ ರಿಪೇರಿಯವ ಬಂದ ಅಂತಾರ.

ಕಾಕಾ: (ಕಟ್ಟೆಯಿಂದ) ತಮ್ಮ, ಎಂಜಿನ್ ಬಂದ್ ಮಾಡಬ್ಯಾಡ. ಆ ಸಪ್ಪಳ ನಾ ಮೊದ್ಲೇ ಕೇಳೀನಿ.

ಹುಡುಗ: ಎಲ್ಲಿ ಕಾಕಾ?

ಕಾಕಾ: ಕ್ಯಾಂಪಿನಾಗ. ಇದು ಯುರೇನಿಯಂ.

(ಇಲ್ಲಿ ಓದುಗರ ಜೊತೆ ಒಂದು ಮಾತು. ಬೇರೆ ಊರಿನಲ್ಲಿ ಎಂಜಿನ್ ಟಿಕ್ ಅಂದರೆ ಟಿಕ್ ಅಷ್ಟೇ. ಗೋಗಿಯಲ್ಲಿ ಅದು ಅಷ್ಟು ಸಲೀಸಲ್ಲ. ಭೀಮಾ ಕೊಳ್ಳದ ಸುಣ್ಣಕಲ್ಲು, ಅದರ ಕೆಳಗಿನ ಗ್ರಾನೈಟು, ಇವೆರಡರ ಸೀಳಿನಲ್ಲಿ ಇಲ್ಲಿ ಯುರೇನಿಯಂ ಇದೆ. ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ಪರಮಾಣು ಖನಿಜ ನಿರ್ದೇಶನಾಲಯದವರು ವರ್ಷಗಟ್ಟಲೆ ಕೊಳವೆ ಕೊರೆದು, ಬಂದ ಕಲ್ಲಿನ ಕಡ್ಡಿಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಅಳತೆ ಯಂತ್ರ ಹಿಡಿದು ಓಡಾಡಿದ ಊರಿದು. ಗಣಿ ಬೇಡವೆಂದು ಊರವರು ಬೀದಿಗಿಳಿದದ್ದೂ ಉಂಟು. ಹೀಗಾಗಿ ಗೋಗಿಯ ಗಂಡಿಗೆ ಹೆಣ್ಣು ಕೊಡುವವರು ಮೊದಲು ಹೊಲ ಎಷ್ಟು ಎಕರೆ ಎಂದು ಕೇಳುತ್ತಾರೆ, ಎರಡನೆಯದಾಗಿ ನೀರಿನ ಸಂಗತಿ ಕೇಳುತ್ತಾರೆ. ಹುಡುಗನ ಮುಖ ಬಿಳಿಚಿಕೊಂಡದ್ದು ಅದಕ್ಕೇ.)

ಹುಡುಗ: ಕಾಕಾ, ಮೆತ್ತಗ ಅನ್ರೀ! ಬೀಗರ ಕಿವಿಗೆ ಬಿದ್ದೀತು!

ಕಾಕಾ: ನಾ ಆ ಕ್ಯಾಂಪಿನಾಗ ಕಲ್ಲಿನ ಪೆಟ್ಟಿಗಿ ಹೊತ್ತಾಂವ. ಸಾಹೇಬರು ಒಂದು ಡಬ್ಬಿ ತರ್ತಿದ್ರು. ಛಲೋ ಕಲ್ಲಿನ ಮ್ಯಾಲ ಹಿಡದ್ರ ಟಿಕ್ ಟಿಕ್ ಟಿಕ್ ಟಿಕ್! ಸಾಹೇಬರು ನಗ್ತಿದ್ರು, ನಾವು ಹೆದರ್ತಿದ್ವಿ. ನೀ ಗಾಡಿ ಎಲ್ಲಿ ನಿಲ್ಲಿಸ್ತಿ ರಾತ್ರಿ?

ಹುಡುಗ: ಮನಿ ಹಿಂದ, ಬೋರ್ ಹತ್ರ.

ಕಾಕಾ: ಹಾಂ! ರಾತ್ರಿ ಏರ್‍ಯಾದ. ಕೆಳಗಿಂದ.

ಉಸ್ತಾದ: ಕಾಕಾ, ಒಂದು ಮಾತು ಕೇಳ್ತೀನಿ. ಟಿಕ್ ಅನ್ನೋದು ಯುರೇನಿಯಮ್ಮೋ, ಡಬ್ಬಿಯೋ?

ಕಾಕಾ: ಅಂದ್ರ?

ಉಸ್ತಾದ: ಯುರೇನಿಯಂ ತನ್ನ ಪಾಡಿಗೆ ಸುಮ್ಮಗ ಬಿದ್ದಿರತದ. ಅದರಿಂದ ಹೊಂಟ ಕಿರಣ ಬಂದು ಬಡದಾಗ ಡಬ್ಬಿ ಟಿಕ್ ಅಂತದ. ಡಬ್ಬಿ ಇಲ್ದ ಕಲ್ಲು ಎಂದರ ಟಿಕ್ ಅಂದದ್ದು ಕೇಳೀರೇನು?

ಕಾಕಾ: (ಸ್ವಲ್ಪ ಯೋಚಿಸಿ) ಹಂಗಾದ್ರ ಈ ಎಂಜಿನ್ನೇ ಡಬ್ಬಿ ಆಗ್ಯಾದ. ಹೈದರಾಬಾದಿನ್ಯಾಗ ಏನೇನ್ ಕೂಡಿಸಿ ಕಳಿಸ್ಯಾರೋ ಯಾರಿಗ್ಗೊತ್ತು? ಡಬ್ಬಿ ಸುದ್ದಾ ಅಲ್ಲಿಂದೇ ಬರ್ತಿತ್ತು.

ಹುಡುಗ: ಉಸ್ತಾದ್, ನನಗ್ಯಾಕೋ ಹೊಟ್ಟ್ಯಾಗ ಕಸಿವಿಸಿ ಆಗ್ಲಾಕತ್ತದ.

ಉಸ್ತಾದ: ಅದು ಮುಂಜಾನಿಯಿಂದ ಏನೂ ತಿಂದಿಲ್ಲ ನೀನು. ಅಕ್ಕಾ, ಇವನಿಗೆ ಒಂದು ಸುಸಲಾ ಮಿರ್ಚಿ ಕೊಡು. ಕಾಕಾ, ನಿಮ್ಮ ಡಬ್ಬಿಗೆ ತಾಳ ಇತ್ತೇನು?

ಕಾಕಾ: ತಾಳ ಇಲ್ಲ. ಒಮ್ಮೆ ಟಿಕ್, ಒಮ್ಮೆ ಟಿಕ್ ಟಿಕ್ ಟಿಕ್, ಮತ್ತ ಗಪ್ಪು. ಅದರ ಮನಸಿಗೆ ಬಂದಂಗ.

ಉಸ್ತಾದ: ಬೇಟಾ, ಎಕ್ಸಿಲೇಟರ್ ಕೊಡು.

(ಹುಡುಗ ಕೊಡುತ್ತಾನೆ. ಟಿಕ್ ಟಿಕ್ ಎಂಬುದು ಟಿಟಿಟಿಟಿಟಿ ಎನ್ನುತ್ತದೆ. ಬಿಡುತ್ತಾನೆ. ಮತ್ತೆ ನಿಧಾನ.)

ಉಸ್ತಾದ: ಕೇಳಿದ್ರಿ? ಕಾಲು ಒತ್ತಿದ್ರ ಜೋರು, ಬಿಟ್ರ ನಿಧಾನ, ತಾಳ ತಪ್ಪಂಗಿಲ್ಲ. ಯುರೇನಿಯಂ ಅರ್ಧ ಕರಗ್ಲಾಕ 447 ಕೋಟಿ ವರ್ಷ ಬೇಕು. ಅದು ಈ ಹುಡುಗನ ಎಕ್ಸಿಲೇಟರ್ ಮಾತು ಕೇಳ್ತದೇನು?

ಕಾಕಾ: (ಬೇಸರದಿಂದ) ಅದು ಯಾರ ಮಾತೂ ಕೇಳಂಗಿಲ್ಲ ಬಿಡು. ಜಿಲ್ಲಾಧಿಕಾರಿ ಮಾತು ಸುದ್ದಾ ಕೇಳಂಗಿಲ್ಲ.

ಅಕ್ಕ: (ಸುಸಲಾ ತಂದು) ನೋಡ್ರೀ ಒಳಗ ಹಲ್ಲಿ ಕುಂತದೇನೋ. ಶುಭಕಾರ್ಯಕ್ಕ ಹೋಗೋ ಗಾಡ್ಯಾಗ ಹಲ್ಲಿ ನುಡದ್ರ ಒಳ್ಳೇದು. ಆದ್ರ ಬಲಕ್ಕ ನುಡೀಬೇಕು.

ಕಾಕಾ: ಎಕ್ಸಿಲೇಟರ್ ಕೊಟ್ಟಂಗ ನುಡಿಯೋ ಹಲ್ಲಿ ನಾ ನೋಡಿಲ್ಲವ್ವ.

(ಇಷ್ಟು ಬೇಗ ಕಾಕಾ ಪಕ್ಷ ಬದಲಿಸಿದ್ದು ಉಸ್ತಾದರಿಗೂ ಆಶ್ಚರ್ಯ.)

ಹುಡುಗ: ಉಸ್ತಾದ್, ನಾ ಯೂಟ್ಯೂಬಿನಾಗ ನೋಡೀನಿ. ಒಬ್ಬ ಅಮೆರಿಕಾದವ ಇದಕ್ಕ ಹೈಡ್ರಾಲಿಕ್ ಲಿಫ್ಟರ್ ಹೋಗ್ಯಾದ ಅಂದಾನ. ಇನ್ನೊಬ್ಬ ಇಂಜೆಕ್ಟರ್ ಸಪ್ಪಳ ಅಂದಾನ.

ಉಸ್ತಾದ: ಇಬ್ಬರೂ ಶಾಣ್ಯಾರೇ. ನಿನ್ನ ಗಾಡ್ಯಾಗ ಅವೆರಡೂ ಇಲ್ಲ ಅಷ್ಟೇ. ಇದು ಕಾರ್ಬೊರೇಟರ್ ಗಾಡಿ, ಇಂಜೆಕ್ಟರ್ ಎಲ್ಲಿಂದ ಬರಬೇಕು? ಟಪ್ಪೆಟ್ಟಿಗೆ ಸ್ಕ್ರೂ ಅದ, ಕೈಲೇ ಬಿಗಿ ಮಾಡೋದು. ಮಾರುತಿ 800 ಅಂದ್ರ 1983ರಾಗ ಬಂದಾಗಿಂದ 796 ಸಿಸಿ, ಮೂರು ಸಿಲಿಂಡರ್. ನಿನ್ನ ಗಾಡಿಗೆ ಆರು ವಾಲ್ವ್. ಆರರಾಗ ಕಳ್ಳನ್ನ ಹಿಡ್ಯಾಕ ಅಮೆರಿಕಾ ಯಾಕ?

(ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟಪ್ಪೆಟ್ ಕವರಿಗೆ ಒತ್ತಿ, ಹಿಡಿಕೆಗೆ ಕಿವಿ ಕೊಡುತ್ತಾರೆ. ಕಣ್ಣು ಮುಚ್ಚುತ್ತಾರೆ.)

ಹುಡುಗ: ಏನ್ ಕೇಳ್ಲಾಕತ್ತದ?

ಉಸ್ತಾದ: ಕಾಕಾ ಮಾತಾಡೋದು ಕೇಳ್ಲಾಕತ್ತದ. ಸುಮ್ಮಗ ಕುಂದ್ರಿ ಒಂದೀಟು.

ಕಾಕಾ: ನಾ ಎಲ್ಲಿ ಮಾತಾಡೀನಿ?

ಉಸ್ತಾದ: ಹಾಂ. ಟಪ್ಪೆಟ್ ಕಟಕಟ ಅಂತಾವ, ಸಣ್ಣಗ. ಅವು ಅನ್ನಬೇಕು. ರಾಕರಿಗೂ ವಾಲ್ವಿಗೂ ನಡುವ ಸಂದು ಇಡ್ತೀವಿ, 0.15 ಮಿಲಿಮೀಟರ್ ಆಸುಪಾಸು, ಫಿಲ್ಲರ್ ಗೇಜ್ ಹಾಕಿ. ಆ ಸಂದಿನ ಸಪ್ಪಳ ಅದು. ಪೂರಾ ಗಪ್ಪಾದ್ರೇ ಹೆದರಬೇಕು. ಸಂದು ಮುಚ್ಚಿದ್ರ ವಾಲ್ವ್ ತನ್ನ ಜಾಗದಾಗ ಬಿಗಿಯಾಗಿ ಕುಂದ್ರಂಗಿಲ್ಲ, ಬಿಸಿ ಗ್ಯಾಸ್ ನುಸುಳಿ ಅಂಚು ಸುಟ್ಟು ಹೋಗ್ತದ. ನಿನ್ನ ಟಿಕ್ ಇದಲ್ಲ.

ಹುಡುಗ: ಬೇರಿಂಗ್ ಹೋಗಿದ್ರ?

ಉಸ್ತಾದ: ಬೇರಿಂಗ್ ಹೋದ್ರ ಡಗ್ ಡಗ್ ಅಂತದ, ಹೊಟ್ಟಿ ಒಳಗಿಂದ. ಆ ಸಪ್ಪಳ ನಿನ್ನ ಗಾಡ್ಯಾಗ ಬಂದಿದ್ರ ನಾ ಇಷ್ಟೊತ್ತಿಗೆ ಎಂಜಿನ್ ಬಂದ್ ಮಾಡಿ ನಿನ್ನ ಬಸ್ಸಿಗೆ ಹತ್ತಿಸ್ತಿದ್ದೆ. ಮುಂಜಾನಿ ಚಾಲೂ ಮಾಡಿದಾಗ ಹೆಂಗಿರತದ ಇದು?

ಹುಡುಗ: ಮುಂಜಾನಿ ಜೋರು. ಶಹಾಪುರ ಮುಟ್ಟೋದ್ರಾಗ ಕಮ್ಮಿ ಆಗ್ತದ. ಏರು ಬಂತಂದ್ರ ಮತ್ತ ಜೋರು.

ಉಸ್ತಾದ: ಆಹಾ. ಇದನ್ನ ಮೊದ್ಲೇ ಹೇಳಿದ್ರ ಒಂದು ಚಾ ಉಳೀತಿತ್ತು. ತಣ್ಣಗಿದ್ದಾಗ ಜೋರು, ಕಾದು ಕಬ್ಬಿಣ ಹಿಗ್ಗಿದ ಮ್ಯಾಲ ಕಮ್ಮಿ. ಎಲ್ಲೋ ಸಂದು ಬಿಟ್ಟದ. ಪಕ್ಕಡ ಕೊಡು, ರಬ್ಬರ್ ಹಿಡಿಕಿದು.

ಕಾಕಾ: ಸಪ್ಪಳ ಎಣಿಸಿ ನೋಡಬಾರದೇನು ಉಸ್ತಾದ?

ಉಸ್ತಾದ: ಎಣಿಸ್ರಿ. ನಿಂತಲ್ಲೇ ಮಿನಿಟಿಗೆ 900 ಸುತ್ತು ಹೊಡೀತದ. ಕ್ಯಾಮ್ ತಿರಗೋದು ಅದರ ಅರ್ಧ, 450. ಒಂದೊಂದು ವಾಲ್ವು ಮಿನಿಟಿಗೆ 450 ಸಲ ಬಾಯಿ ತಗೀತದ, ಸೆಕೆಂಡಿಗೆ ಏಳೂವರಿ. ಟಪ್ಪೆಟ್ಟಿಂದೂ ಅದೇ ಲೆಕ್ಕ, ಸೈಲೆನ್ಸರ್ ಲೀಕಿಂದೂ ಅದೇ ಲೆಕ್ಕ. ಎಣಿಸಿ ಏನೂ ಸಿಗಂಗಿಲ್ಲ. ಕೇಳಿ ಸಿಗಂಗಿಲ್ಲ, ಕೆಣಕಿದ್ರ ಸಿಗ್ತದ.

(ಪಕ್ಕಡದಿಂದ ಒಂದನೇ ಪ್ಲಗ್ಗಿನ ವೈರ್ ಎಳೆಯುತ್ತಾರೆ. ಎಂಜಿನ್ ನಡುಗುತ್ತದೆ, ಟಿಕ್ ಹಾಗೇ ಇದೆ. ಅದನ್ನು ಹಾಕಿ ಎರಡನೆಯದು. ಟಿಕ್ ಹಾಗೇ ಇದೆ. ಮೂರನೆಯದು ಎಳೆಯುತ್ತಾರೆ. ಟಿಕ್ ಬಿದ್ದುಹೋಗುತ್ತದೆ.)

ಹುಡುಗ: ಹೋತು! ಉಸ್ತಾದ್, ಹೋತು! ಹಿಂಗೇ ಬಿಡ್ರಿ!

ಉಸ್ತಾದ: ಹಿಂಗೇ ಬಿಟ್ರ ಎರಡು ಸಿಲಿಂಡರ್ ಮ್ಯಾಲ ಕೆಂಭಾವಿಗೆ ಹೋಗ್ತಿ, ಕುಂಟ್ಕೋತ. ಹುಲಿ ಬಂತು ಅಂತಾರ, ಒಂದು ಕಾಲು ಇಲ್ಲ ಅಂತಾರ. ಕೇಳು. ಟಪ್ಪೆಟ್ ಸಪ್ಪಳ ಆಗಿದ್ರ ಬೆಂಕಿ ಹತ್ತಲಿ ಬಿಡ್ಲಿ, ಕ್ಯಾಮ್ ತಿರಗೋ ತನಕ ಅದು ಬರ್ತದ. ಇದು ಬೆಂಕಿ ಆರಿದ ಕೂಡ್ಲೇ ಗಪ್ಪಾತು. ಅಂದ್ರ ಮೂರನೇ ಸಿಲಿಂಡರಿನಾಗ ಸುಟ್ಟ ಗ್ಯಾಸ್ ಎಲ್ಲೋ ಕಳ್ಳದಾರಿ ಹಿಡ್ದು ಹೊರಗ ಬೀಳ್ಲಾಕತ್ತದ. ಪ್ರತಿ ಸಲ ಎಕ್ಸಾಸ್ಟ್ ವಾಲ್ವ್ ತಗದಾಗ ಒಂದು ಟಿಕ್. ನಿನ್ನ 14 ಸಾವಿರದ ಹೆಡರ್ ತಲಿಗೆ ಕೂಡೋ ಜಾಗ.

ಕಾಕಾ: ಬೀಡಿ ಹಚ್ಚಿ ಹೊಗಿ ಬಿಟ್ಟು ನೋಡ್ಲೇನು? ಎಲ್ಲಿ ಗಾಳಿ ಬರ್ತದ ಗೊತ್ತಾಗ್ತದ.

ಉಸ್ತಾದ: ಕಾಕಾ! ಕಾರ್ಬೊರೇಟರ್ ಬಾಜೂಕ ಬೀಡಿ ಹಚ್ಚಿದ್ರ ಎಲ್ಲಾರೂ ಕೂಡೇ ಹೋಗ್ತೀವಿ. ಆರಿಸ್ರಿ ಅದನ್ನ. ಬೇಟಾ, ಗಾಡಿ ಬಂದ್ ಮಾಡು. ಪೂರಾ ತಣ್ಣಗಾಗ್ಲಿ. ಅಕ್ಕಾ, ನಾಕು ಚಾ. ಒಂದು ತಂಬಿಗಿ ನೀರು, ಒಂದೀಟು ಅರಬಿ ತೊಳಿಯೋ ಸಾಬಾಣ.

(ಎಂಜಿನ್ ನಿಲ್ಲುತ್ತದೆ. ಒಮ್ಮೆಲೇ ಊರಿಗೆ ಊರೇ ನಿಶ್ಶಬ್ದವಾದಂತೆ ಅನಿಸುತ್ತದೆ.)

ಕಾಕಾ: ಆಹಾ! ಸುಲ್ತಾನರು ಮತ್ತ ಮಗ್ಗಲು ಬದಲಿಸಿ ಮಲಗಿರಬೇಕು ನೋಡು.

ಹುಡುಗ: ಯಾವ ಸುಲ್ತಾನರು?

ಕಾಕಾ: ಇದು ಗೋಗ್ಯಾಗ ಹುಟ್ಟಿದ ಹುಡುಗ ಕೇಳೋ ಪ್ರಶ್ನಿ ಏನೋ? ಬಿಜಾಪುರದ ಆದಿಲ್ ಶಾಹಿ ಕಟ್ಟಿದ ಯೂಸುಫ್ ಆದಿಲ್ ಶಾ ಎಲ್ಲಿ ಮಲಗ್ಯಾನ?

ಹುಡುಗ: ಗೋಳಗುಮ್ಮಟದಾಗ?

ಉಸ್ತಾದ: ತೋಬಾ ತೋಬಾ. ಅದು ಮಹಮ್ಮದ್ ಆದಿಲ್ ಶಾಂದು, ನೂರೈವತ್ತು ವರ್ಷ ಆದ ಮ್ಯಾಲಿಂದು. ಯೂಸುಫ್ ಮಲಗಿದ್ದು ಇಲ್ಲಿ, ನಮ್ಮ ಚಂದಾ ಹುಸೇನಿ ದರ್ಗಾದಾಗ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ, ಅವರೂ ಇಲ್ಲೇ. ಬಿಜಾಪುರ ಎಲ್ಲಾ ಅವರದೇ ಇತ್ತು, ಮಲಗ್ಲಾಕ ಮಾತ್ರ ಗೋಗಿ ಬೇಕಾತು.

ಕಾಕಾ: ಗುರುಗಳ ಪಾದದ ಹತ್ರ ಅಂತ ಬಂದ್ರು, ಊರು ಸುಮ್ಮಗ ಅದ ಅಂತ ಉಳದ್ರು. ಐನೂರು ವರ್ಷದ ನಿದ್ದಿ. ದಿನಾ ಮುಂಜಾನಿ ಅವರ ತಲಿ ಹಿಂದ ಇವನ ಫ್ರೀ ಫ್ಲೋ.

ಹುಡುಗ: ಅವರೇನು ಕೇಳ್ತಾರ ಕಾಕಾ?

ಕಾಕಾ: ಅವರು ಕೇಳಂಗಿಲ್ಲ, ನಾ ಕೇಳ್ತೀನಿ. ಅವರ ಪರವಾಗಿ.

(ಎರಡು ಸುತ್ತು ಚಾ ಆಗುತ್ತದೆ. ಉಸ್ತಾದರು ಹೆಡರಿನ ಮೇಲೆ ಕೈಯಿಟ್ಟು ನೋಡಿ, ಕೂಡುವ ಜಾಗಕ್ಕೆಲ್ಲ ಸಾಬಾಣದ ನೀರು ಬಳಿಯುತ್ತಾರೆ.)

ಉಸ್ತಾದ: ಪಂಕ್ಚರ್ ಟ್ಯೂಬ್ ನೋಡೋದು ಗೊತ್ತಲ್ಲಾ, ಅದೇ ಕೆಲಸ ಇದು. ಕಬ್ಬಿಣ ಕಾಯೋದ್ರೊಳಗ ನೋಡ್ಕೋಬೇಕು. ಹೂಂ, ಚಾಲೂ ಮಾಡು.

(ಎಂಜಿನ್ ಗುಡುಗುತ್ತದೆ. ಮೂರನೇ ಪೈಪಿನ ಬುಡದಲ್ಲಿ ಬುಳುಬುಳು ನೊರೆ. ಒಂದೊಂದು ಟಿಕ್‌ಗೂ ಒಂದು ಗುಳ್ಳೆ ಎದ್ದು ಒಡೆಯುತ್ತದೆ.)

ಅಕ್ಕ: ಅಯ್ಯ, ಎಷ್ಟ್ ಚಂದ ಉಗಳ್ತದ ನೋಡ್ರಿ!

ಉಸ್ತಾದ: ಬಂದ್ ಮಾಡು, ಬಂದ್ ಮಾಡು. ಸುತ್ತಲೂ ಮಸಿ ನೋಡು, ಕರ್‍ರಗ. ಮೊದ್ಲೇ ಬಗ್ಗಿ ನೋಡಿದ್ರ ಕಾಣ್ತಿತ್ತು, ಆದ್ರ ಕಾಕಾನ ಯುರೇನಿಯಂ ಮುಗೀಬೇಕಲ್ಲ.

(ಹೆಡರಿನ ನಟ್ಟು ಬಿಚ್ಚುತ್ತಾರೆ. ಫ್ಲಾಂಜಿನ ಹಿಂದಿನಿಂದ ಸುಟ್ಟು ಸುರುಟಿದ ಒಂದು ತಗಡು ಹೊರಗೆ ಬರುತ್ತದೆ.)

ಉಸ್ತಾದ: ಇದೇನಪ್ಪ?

ಹುಡುಗ: ಗ್ಯಾಸ್ಕೆಟ್. ಇಂಪೋರ್ಟೆಡ್ ಅಂದಿದ್ದ ದೋಸ್ತ.

ಉಸ್ತಾದ: ಇದರ ಮ್ಯಾಲ ಅಕ್ಷರ ಅವ. ಕಾಕಾ, ನನ್ನ ಚಾಳೀಸು ಒಳಗದ, ನೀವು ಓದ್ರಿ.

ಕಾಕಾ: (ದೂರ ಹಿಡಿದು) ...ನ ಆರೋಗ್ಯಕ್ಕೆ ಹಾನಿಕರ.

ಉಸ್ತಾದ: ಬೀರಿನ ಡಬ್ಬಿ! ಡಬ್ಬಿ ಕತ್ತರಿಸಿ ಗ್ಯಾಸ್ಕೆಟ್ ಮಾಡ್ಯಾನ! ಅಲ್ಯುಮಿನಿಯಂ 660 ಡಿಗ್ರಿಗೆ ಕರಗ್ತದ. ಏರಿನ್ಯಾಗ ಎಕ್ಸಾಸ್ಟ್ ಗ್ಯಾಸ್ ಅದಕ್ಕಿಂತ ಬಿಸಿ ಇರತದ. ಮೂರನೇ ಸಿಲಿಂಡರಿನ ಬಾಯಿ ಹತ್ರ ತಿಂದು ತೂತು ಮಾಡ್ಯಾದ.

ಕಾಕಾ: ನಾ ಅಂದಿದ್ದಿಲ್ಲೇನು, ಆರೋಗ್ಯಕ್ಕ ಹಾನಿಕರ ಅದ ಅಂತ? ಹೆಸರು ಬ್ಯಾರೆ ಹೇಳಿದ್ದೆ ಅಷ್ಟೇ.

ಹುಡುಗ: ಬ್ಯಾರೆ ಗ್ಯಾಸ್ಕೆಟ್ ಹಾಕಿದ್ರ ಆತಲ್ರೀ? ಮೂರು ಗಂಟಿ ಆಗ್ಲಾಕ ಬಂತು.

ಉಸ್ತಾದ: (ಫ್ಲಾಂಜಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು) ಗ್ಯಾಸ್ಕೆಟ್ ನನ್ನ ಹತ್ರ ಅದ. ಆದ್ರ ಇಲ್ಲಿ ನೋಡು, ಪಟ್ಟಿ ಕೆಳಗ ಬೆಳಕು ಕಾಣ್ತದ. ತೆಳು ತಗಡಿಗೆ ವೆಲ್ಡಿಂಗ್ ಹೊಡದಾರ, ಕಾದು ಡೊಂಕಾಗ್ಯಾದ. ಇದನ್ನ ಶಹಾಪುರದಾಗ ಲೇತಿಗೆ ಹಾಕಿ ಸಪಾಟ ಮಾಡಿಸಬೇಕು. ಇವತ್ತು ಆದಿತ್ಯವಾರ, ಬಂದ್. ಕಂಪನಿ ಮ್ಯಾನಿಫೋಲ್ಡ್ ಇದ್ದಿದ್ರ ಅರ್ಧ ತಾಸಿನ ಕೆಲಸ. ಅದನ್ನ ನೀ ಗುಜರಿಗೆ ಹಾಕಿದಿ.

ಹುಡುಗ: (ತಲೆಯ ಮೇಲೆ ಕೈಯಿಟ್ಟು) ಬಸ್ಸಿಗೇ ಹೋಗಬೇಕೇನು ಕನ್ಯಾ ನೋಡ್ಲಾಕ?

ಕಾಕಾ: (ನಿಧಾನವಾಗಿ ಬೀಡಿ ಕಟ್ಟು ಜೇಬಿಗೆ ಸೇರಿಸಿ) ಉದ್ದ ಪೈಪು, ತಲ್ಯಾಗ ಮೂರು ಬಾಯಿಂದು ಭಾರದ ಬೀಡು. ಅದೇನು?

ಹುಡುಗ: ಹೌದು ಕಾಕಾ! ಎಲ್ಲಿ ನೋಡೀರಿ?

ಕಾಕಾ: ಗುಜರಿಯವನ ಹತ್ರ ಕಿಲೋ ಲೆಕ್ಕದಾಗ ತಗೊಂಡೆ. ನಮ್ಮ ಎಮ್ಮಿ ಭಾಳ ಜಗ್ತದ, ಕಟಗಿ ಗೂಟ ನಿಲ್ತಿದ್ದಿಲ್ಲ. ಬೀಡು ಕೆಳಗ ಮಾಡಿ ಪೈಪ್ ಮ್ಯಾಲ ಮಾಡಿ ಹುಗದೀನಿ. ಈಗ ಎಷ್ಟ್ ಜಗ್ಗಿದ್ರೂ ಅಲಗಂಗಿಲ್ಲ.

ಉಸ್ತಾದ: ಬೀಡಿಗೆ ಮಣ್ಣು ಏನೂ ಮಾಡಂಗಿಲ್ಲ. ತರ್ರಿ, ಝಾಡಿಸಿ, ಗಾಳಿ ಹೊಡದು ಕೂಡಿಸಿ ಕೊಡ್ತೀನಿ.

ಹುಡುಗ: ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಎಷ್ಟ್ ಬೇಕು ಹೇಳ್ರಿ.

ಕಾಕಾ: ರೊಕ್ಕ ಬ್ಯಾಡೋ ತಮ್ಮ. ಎಮ್ಮಿಗೆ ಗೂಟ ಬೇಕಲ್ಲ? ಆ ಹೊಳಿಯೋ ಪೈಪ್ ಕೊಡು.

ಹುಡುಗ: ಕಾಕಾ! ಅದು 14 ಸಾವಿರದ್ದದ! ಅದಕ್ಕ ಎಮ್ಮಿ ಕಟ್ತೀರೇನು?

ಕಾಕಾ: ಎಮ್ಮಿ 90 ಸಾವಿರದ್ದದ. ನಿನ್ನ ಕಾರ್ ಎಷ್ಟಕ್ಕ ತಂದಿ?

ಹುಡುಗ: ...45.

ಕಾಕಾ: ಹಾಂ. ಗುದ್ದಲಿ ಮನ್ಯಾಗೇ ಅದ, ನಡಿ. ಇಸ್ತ್ರಿ ಅಂಗಿ ಇಲ್ಲೇ ಬಿಚ್ಚಿಟ್ಟು ಬಾ.